ಶಾಲೆಯ ಗೇಟಿನ ಬಳಿ ಮುಖ ಬದಲಾಗದಿರಲಿ

ನಿಮ್ಮ ಮನೆಯಲ್ಲಿ ಎಂಟನೇ, ಒಂಬತ್ತನೇ ಅಥವಾ ಹತ್ತನೇ ತರಗತಿಯಲ್ಲಿ ಓದುವ ಮಗನೋ ಮಗಳೋ ಇದ್ದಾರೆಯೇ? ಅವರು ಕ್ರೈಸ್ತ ಸಂಸ್ಥೆಯೊಂದು ನಡೆಸುವ ಪ್ರೌಢಶಾಲೆಗೆ ಹೋಗುತ್ತಿದ್ದಾರೆಯೇ? ಹಾಗಾದರೆ ಪ್ರಿಯ ಸಹೋದರಿ, ಈ ಮಾತುಗಳು ನಿಮಗಾಗಿ.

ಆ ಮಗುವಿನ ಒಂದು ದಿನವನ್ನು ನೀವು ಎಂದಾದರೂ ಕುಳಿತು ಲೆಕ್ಕ ಹಾಕಿದ್ದೀರಾ? ಬೆಳಿಗ್ಗೆ ಏಳು ಗಂಟೆಗೆ ಮದ್ರಸದಲ್ಲಿ ಉಸ್ತಾದರ ಮುಂದೆ ಕುರ್‌ಆನ್ ಓದುತ್ತದೆ. ಒಂಬತ್ತೂವರೆಗೆ ಶಿಲುಬೆಯ ಕೆಳಗಿನ ಅಂಗಳದಲ್ಲಿ ಸಾಲಾಗಿ ನಿಂತು ಸಿಸ್ಟರ್ ಹೇಳಿಕೊಡುವ ಪ್ರಾರ್ಥನೆಯನ್ನು ಕೇಳುತ್ತದೆ. ಮಧ್ಯಾಹ್ನ ಬೇರೆ ಬೇರೆ ಧರ್ಮದ ಗೆಳತಿಯರೊಂದಿಗೆ ಬುತ್ತಿ ಬಿಚ್ಚುತ್ತದೆ. ಸಂಜೆ ಮನೆಗೆ ಬಂದು ಉಮ್ಮನೊಡನೆ ಬ್ಯಾರಿ ಭಾಷೆಯಲ್ಲೋ ಉರ್ದುವಿನಲ್ಲೋ ಮಾತನಾಡುತ್ತದೆ. ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆ, ಮೂರು ನಾಲ್ಕು ಲೋಕ. ಭಾಷೆ ಬದಲಾದರೆ ತಪ್ಪಿಲ್ಲ. ಆದರೆ ಭಾಷೆಯೊಂದಿಗೆ ಮುಖವೂ ಬದಲಾಗುತ್ತಿದೆಯೇ ಎಂಬುದನ್ನು ನಾವು ಗಮನಿಸಬೇಕು. ಹದಿಮೂರರಿಂದ ಹದಿನಾರರ ನಡುವಿನ ಆ ವಯಸ್ಸಿನಲ್ಲಿ ಎರಡು ಮುಖದ ಅಭ್ಯಾಸವಾದರೆ ಮುಂದೆ ಅದನ್ನು ಬಿಡಿಸುವುದು ಬಹಳ ಕಷ್ಟ.

ನಾನು ಮದ್ರಸದಲ್ಲಿ ಓದಿ, ಆನಂತರ ಬಿ.ಎ. ಮುಗಿಸಿ, ಶಿಕ್ಷಕಿಯಾಗಿ ದುಡಿಯುತ್ತಿರುವವಳು. ಎರಡೂ ಕಡೆಯ ಮಕ್ಕಳನ್ನು ಹತ್ತಿರದಿಂದ ಕಂಡ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಈ ಶಾಲೆಗಳ ಋಣ

ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಆಧುನಿಕ ಶಿಕ್ಷಣ ಬೆಳೆದುದರಲ್ಲಿ ಕ್ರೈಸ್ತ ಸಂಸ್ಥೆಗಳ ಪಾಲು ದೊಡ್ಡದು. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದವರು ಆ ಮಿಶನ್‌ನ ಹರ್ಮನ್ ಮೋಗ್ಲಿಂಗ್. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾಯಿತು. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣು ಮಕ್ಕಳ ಶಿಕ್ಷಣಕ್ಕೆ ಕೈ ಹಾಕಿದರು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ, ಹೆಣ್ಣು ಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ. ಇಂತಹ ಸಂಸ್ಥೆಗಳಲ್ಲಿ ಓದಿದ ಮುಸ್ಲಿಮ್ ಹೆಣ್ಣು ಮಕ್ಕಳು ಇಂದು ವೈದ್ಯರಾಗಿ, ವಕೀಲರಾಗಿ, ಶಿಕ್ಷಕಿಯರಾಗಿ ನಮ್ಮ ನಡುವೆ ಇದ್ದಾರೆ.

ಉಪಕಾರ ಸ್ಮರಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ನಮಗೆ ಕಲಿಸಿರುವ ಪಾಠ. ಆದರೆ ನಮ್ಮಲ್ಲಿ ಕೆಲವರದು ವಿಚಿತ್ರ ರೀತಿ. ದಾಖಲಾತಿಯ ಸಮಯದಲ್ಲಿ ಸೀಟಿಗಾಗಿ ಸಿಸ್ಟರ್ ಮುಂದೆ ಕೈಮುಗಿಯದ ಕುರ್ಚಿಯಿಲ್ಲ. ಮನೆಗೆ ಬಂದ ಮೇಲೆ ಮಕ್ಕಳ ಮುಂದೆಯೇ, 'ಅವರಿಗೆ ನಮ್ಮನ್ನು ಕಂಡರಾಗದು' ಎಂಬ ಟೀಕೆ. ಆ ಮಗು ಎರಡನ್ನೂ ಕೇಳಿಸಿಕೊಳ್ಳುತ್ತದೆ. ಕಪಟದ ಮೊದಲ ಪಾಠ ಅದಕ್ಕೆ ಸಿಗುವುದು ಹೀಗೆ, ನಮ್ಮದೇ ಚಾವಡಿಯಲ್ಲಿ.

ಮಕ್ಕಳು ಎದುರಿಸುವುದೇನು?

ಶಾಲೆಯಲ್ಲಿ ನಮ್ಮ ಮಗು ಎದುರಿಸುವ ಪ್ರಶ್ನೆಗಳು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇರುವಂಥವಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಶಿಲುಬೆಯ ಗುರುತು ಮಾಡುವಾಗ ತಾನು ಕೈಯನ್ನು ಎಲ್ಲಿಡಬೇಕು? ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ದೇವದೂತನ ಪಾತ್ರ ಕೊಟ್ಟರೆ ಏನು ಹೇಳಬೇಕು? ಕ್ರೈಸ್ತ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ಉಳಿದವರಿಗೆ ನಡೆಯುವ ನೀತಿಪಾಠದಲ್ಲಿ ಬೈಬಲ್ ಕಥೆ ಬಂದರೆ ಕೇಳಬಹುದೇ? ರಮಝಾನ್‌ನಲ್ಲಿ ಗೆಳತಿಯರು ಊಟಕ್ಕೆ ಕರೆದರೆ ಅವರೊಂದಿಗೆ ಕುಳಿತುಕೊಳ್ಳಬಹುದೇ? ಟಿ.ವಿ.ಯಲ್ಲಿ ಏನೋ ಸುದ್ದಿ ಬಂದ ಮರುದಿನ, 'ನಿಮ್ಮವರು ಯಾಕೆ ಹೀಗೆ?' ಎಂದು ಯಾರಾದರೂ ಕೇಳಿದರೆ ಇಡೀ ಸಮುದಾಯದ ಪರವಾಗಿ ಹದಿನಾಲ್ಕರ ಮಗು ಏನು ಉತ್ತರಿಸಬೇಕು?

ನಾನು ಕಂಡಂತೆ ಮಕ್ಕಳು ಇದಕ್ಕೆ ಮೂರು ದಾರಿ ಹುಡುಕಿಕೊಳ್ಳುತ್ತಾರೆ. ಕೆಲವರು ಎಲ್ಲದಕ್ಕೂ ತಲೆಯಾಡಿಸಿ ಗುಂಪಿನಲ್ಲಿ ಕರಗಿ ಹೋಗುತ್ತಾರೆ. ಕೆಲವರು ಯಾರೊಂದಿಗೂ ಬೆರೆಯದೆ, ಸಿಕ್ಕಿದ್ದಕ್ಕೆಲ್ಲ ಜಗಳ ಕಾಯುತ್ತಾ ಗಟ್ಟಿಯಾಗುತ್ತಾರೆ. ಹೆಚ್ಚಿನವರು ಮೂರನೆಯ ದಾರಿ ಹಿಡಿಯುತ್ತಾರೆ: ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ್ತೊಂದು. ಮೂರನೆಯದು ತಾಯಂದಿರಿಗೆ ಗೊತ್ತಾಗುವುದೇ ಇಲ್ಲ. ಯಾಕೆಂದರೆ ಮನೆಯಲ್ಲಿ ಆ ಮಗು ಬಹಳ ಒಳ್ಳೆಯದು.

ಒಬ್ಬ ಹುಡುಗಿಯ ಪ್ರಶ್ನೆ

ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಮಧ್ಯಾಹ್ನದ ನಮಾಝಿಗೆ ಶಾಲೆಯಲ್ಲಿ ಸ್ಥಳ ಬೇಕೆಂದು ಅವಳ ಉಮ್ಮ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಬಳಿ ಕೇಳಿಕೊಂಡಿದ್ದರು. ಸಿಸ್ಟರ್ ಹೊಲಿಗೆ ತರಗತಿಯ ಕೋಣೆಯ ಬೀಗದ ಕೈ ಕೊಡಲು ಒಪ್ಪಿದರು. ಮೊದಲ ಎರಡು ವಾರ ಹುಡುಗಿ ನಮಾಝ್ ಮಾಡಿದಳು. ಬಳಿಕ ಗೆಳತಿಯರ ಹರಟೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಬೀಗದ ಕೈ ಪಡೆಯುವುದು, ಕೋಣೆ ತೆರೆಯುವುದು, ಐದು ನಿಮಿಷ ಕುಳಿತು ಬರುವುದು. ಮನೆಯಲ್ಲಿ ಕೇಳಿದರೆ, 'ಮಾಡಿದೆ ಉಮ್ಮ.'

ಇದನ್ನು ಕಂಡುಹಿಡಿದವಳು ಅವಳ ಆಪ್ತ ಗೆಳತಿ, ಕೆಥೊಲಿಕ್ ಮನೆತನದ ಹುಡುಗಿ. ಒಂದು ದಿನ ಆಕೆ ನೇರವಾಗಿ ಹೇಳಿಬಿಟ್ಟಳು: 'ಸಿಸ್ಟರ್ ನಿನ್ನನ್ನು ನಂಬಿ ಬೀಗದ ಕೈ ಕೊಡುತ್ತಾರೆ. ಪ್ರಾರ್ಥನೆ ಮಾಡದಿದ್ದರೆ ಕೀ ತೆಗೆದುಕೊಳ್ಳಬೇಡ. ನನ್ನಲ್ಲಿ ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.' ನಮ್ಮ ಹುಡುಗಿಗೆ ಸಿಟ್ಟು ಬಂತು. 'ನೀನು ಮಾತ್ರ ಭಾನುವಾರ ಇಗರ್ಜಿಯಲ್ಲಿ ತೂಕಡಿಸುವುದಿಲ್ಲವೇ?' ಎಂದು ತಿರುಗಿ ಕೇಳಿದಳು. ಆಕೆ, 'ಹೌದು, ತೂಕಡಿಸುತ್ತೇನೆ. ಮಮ್ಮಿಗೂ ಗೊತ್ತು' ಎಂದಳಂತೆ. ಇಬ್ಬರ ಮಾತು ನಿಂತಿತು.

ಕೆಲವು ದಿನಗಳ ನಂತರ ಅವಳು ನನ್ನ ಬಳಿ ಬಂದು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: 'ಟೀಚರ್, ನಾನು ಮುನಾಫಿಕ್ ಆಗಿಬಿಟ್ಟೆನಾ?'

ಸಹೋದರಿಯರೇ, ಆ ಪ್ರಶ್ನೆಯ ಭಾರವನ್ನು ಯೋಚಿಸಿರಿ. ಮದ್ರಸದಲ್ಲಿ ಆ ಪದವನ್ನು ಅವಳು ಕಲಿತಿದ್ದಾಳೆ. ಕಪಟವಿಶ್ವಾಸಿಗೆ ಮೂರು ಲಕ್ಷಣಗಳಿವೆಯೆಂದೂ, ಮಾತನಾಡಿದರೆ ಸುಳ್ಳು, ವಾಗ್ದಾನ ಮಾಡಿದರೆ ಭಂಗ, ನಂಬಿ ಒಪ್ಪಿಸಿದರೆ ವಂಚನೆ ಎಂದೂ ಕಂಠಪಾಠ ಮಾಡಿದ್ದಾಳೆ. ಆ ಮೂರೂ ತನ್ನಲ್ಲಿ ಕಂಡಾಗ ಅವಳಿಗೆ ನಿದ್ದೆ ಬರಲಿಲ್ಲ.

ನಾನು ಅವಳಿಗೆ ಹಝ್ರತ್ ಹನ್ಝಲಾ(ರ)ರ ಘಟನೆಯನ್ನು ಹೇಳಿದೆ. ಸಹೀಹ್ ಮುಸ್ಲಿಮ್‌ನಲ್ಲಿ ಬರುವ ಹದೀಸ್ ಅದು. ಅವರು ಪ್ರವಾದಿ(ಸ)ಯವರ ಲಿಪಿಕಾರರಲ್ಲೊಬ್ಬರು. ಒಂದು ದಿನ ಹಝ್ರತ್ ಅಬೂಬಕರ್(ರ)ರಿಗೆ ಎದುರಾಗಿ, ತಾನು ಕಪಟಿಯಾಗಿಬಿಟ್ಟೆನೆಂದು ಸಂಕಟಪಟ್ಟರು. ಪ್ರವಾದಿ(ಸ)ಯವರ ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣೆದುರು ಇದ್ದಂತೆ ಭಾಸವಾಗುತ್ತದೆ, ಮನೆಗೆ ಹೋಗಿ ಮಡದಿ ಮಕ್ಕಳು, ಹೊಲ ಮನೆ ಎಂದು ತೊಡಗಿಕೊಂಡರೆ ಹೆಚ್ಚಿನದು ಮರೆತುಹೋಗುತ್ತದೆ ಎಂಬುದು ಅವರ ಅಳಲು. ಅಬೂಬಕರ್(ರ)ರು ತನಗೂ ಹಾಗೆಯೇ ಆಗುತ್ತದೆಂದರು. ಇಬ್ಬರೂ ಪ್ರವಾದಿ(ಸ)ಯವರಲ್ಲಿಗೆ ಹೋದರು. ಮನುಷ್ಯನ ಮನಸ್ಸು ಸದಾ ಒಂದೇ ಎತ್ತರದಲ್ಲಿರುವುದಿಲ್ಲ, ಅದಕ್ಕೊಂದು ಗಳಿಗೆ ಇದಕ್ಕೊಂದು ಗಳಿಗೆ ಎಂಬ ಅರ್ಥದ ಮಾತಿನಿಂದ ಅವರು ಸಾಂತ್ವನ ನೀಡಿದರು.

ಇದರಿಂದ ನಾವು ಕಲಿಯಬೇಕಾದದ್ದೇನು? ಈಮಾನ್ ಏರುವುದು ಇಳಿಯುವುದು ಕಪಟವಲ್ಲ. ನಮಾಝಿನಲ್ಲಿ ಆಲಸ್ಯ ಬಂದದ್ದು ದೌರ್ಬಲ್ಯ. ಅದಕ್ಕೆ ತೌಬಾ ಇದೆ, ಕಝಾ ಇದೆ. ಆದರೆ ಮಾಡದ್ದನ್ನು ಮಾಡಿದೆ ಎಂದು ತೋರಿಸುವ ಬೀಗದ ಕೈ ಇದೆಯಲ್ಲ, ಕಪಟದ ದಾರಿ ಅಲ್ಲಿಂದ ಆರಂಭವಾಗುತ್ತದೆ. ತಾನು ಕಪಟಿಯೇ ಎಂದು ಹೆದರಿ ಕೇಳುವ ಹೃದಯ ಇನ್ನೂ ಜೀವಂತವಾಗಿದೆ ಎಂದು ಅವಳಿಗೆ ಹೇಳಿದೆ.

ಅವಳು ಮನೆಯಲ್ಲಿ ನಿಜ ಹೇಳಿದಳು. ಉಮ್ಮನಿಗೆ ಮೊದಲು ಬಂದದ್ದು ಕೋಪ. 'ಆ ಹುಡುಗಿಯ ಸಹವಾಸದಿಂದಲೇ ಹೀಗಾಯಿತು' ಎಂದು ನನಗೆ ಫೋನ್ ಮಾಡಿದರು. ನಾನು ಹೇಳಿದ್ದಿಷ್ಟೆ: 'ನಿಮ್ಮ ಮಗಳಿಗೆ ನಮಾಝ್ ನೆನಪಿಸಿದವಳೇ ಆ ಹುಡುಗಿ.' ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಸುಳ್ಳಿನ ಪಾಠಶಾಲೆ ಯಾವುದು?

ಸಂಬಂಧಿಕರ ಮದುವೆಗೆಂದು ಎರಡು ದಿನ ಶಾಲೆ ತಪ್ಪಿಸಿ, ರಜಾ ಅರ್ಜಿಯಲ್ಲಿ 'ಜ್ವರ' ಎಂದು ಬರೆದು ಸಹಿ ಹಾಕುವವರು ಯಾರು? ಸಾಲಗಾರನ ಫೋನ್ ಬಂದಾಗ 'ಉಪ್ಪ ಮನೆಯಲ್ಲಿಲ್ಲ ಎಂದು ಹೇಳು' ಎಂದು ಮಗುವಿನ ಕೈಗೆ ಮೊಬೈಲ್ ಕೊಡುವವರು ಯಾರು? ಮದ್ರಸದ ಉಸ್ತಾದರು ಬಂದಾಗ ಮಾತ್ರ ಟಿ.ವಿ. ಆರಿಸುವವರು ಯಾರು? ಮಗಳು ಶಾಲೆಯ ತಿರುವಿನಲ್ಲಿ ಶಿರವಸ್ತ್ರ ಬಿಚ್ಚಿ ಚೀಲಕ್ಕೆ ಹಾಕುತ್ತಾಳೆಂದು ನಾವು ಹೌಹಾರುತ್ತೇವೆ. ಅವಳು ಮಾಡುತ್ತಿರುವುದು ತಪ್ಪೇ. ಆದರೆ ಯಾರು ನೋಡುತ್ತಾರೆ ಎಂಬುದರ ಮೇಲೆ ನಡೆ ಬದಲಾಯಿಸುವ ವಿದ್ಯೆಯನ್ನು ಅವಳು ಎಲ್ಲಿ ಕಲಿತಳು?

ಒಬ್ಬ ತಾಯಿ ತನ್ನ ಮಗುವನ್ನು ಏನೋ ಕೊಡುತ್ತೇನೆಂದು ಕರೆದಾಗ, ನೀವು ನಿಜವಾಗಿ ಏನು ಕೊಡಲಿದ್ದಿರಿ ಎಂದು ಪ್ರವಾದಿ(ಸ)ಯವರು ಕೇಳಿದರು. ಖರ್ಜೂರ ಎಂದು ಆಕೆ ಹೇಳಿದಾಗ, ಏನೂ ಕೊಡದಿರುತ್ತಿದ್ದರೆ ಅದು ನಿಮ್ಮ ಲೆಕ್ಕದಲ್ಲಿ ಒಂದು ಸುಳ್ಳಾಗಿ ದಾಖಲಾಗುತ್ತಿತ್ತೆಂದು ತಿಳಿಸಿದರು. ಅಬೂದಾವೂದ್‌ನಲ್ಲಿರುವ ಹದೀಸ್ ಇದು. ಒಂದು ಖರ್ಜೂರದ ಮಾತೇ ಇಷ್ಟು ಗಂಭೀರವಾದರೆ ರಜಾ ಅರ್ಜಿಯ ಜ್ವರ ಎಷ್ಟು ಗಂಭೀರ!

ಶಾಲೆಯವರೂ ಇದಕ್ಕೆ ಹೊರತಲ್ಲ. ವೇದಿಕೆಯಲ್ಲಿ 'ಎಲ್ಲ ಧರ್ಮಗಳೂ ಸಮಾನ' ಎಂದು ಭಾಷಣ ಮಾಡಿ, ತರಗತಿಯಲ್ಲಿ ಮಕ್ಕಳ ಹೆಸರು ನೋಡಿ ಮಾತಿನ ಧಾಟಿ ಬದಲಾಯಿಸುವ ಅಧ್ಯಾಪಕರು ಎಲ್ಲ ಕಡೆಯೂ ಇದ್ದಾರೆ, ನಮ್ಮವರ ಶಾಲೆಗಳಲ್ಲೂ ಇದ್ದಾರೆ. ಮಕ್ಕಳು ಅದನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಮಗು ಬಂದು ಅಂಥದ್ದೇನಾದರೂ ಹೇಳಿದರೆ ತಳ್ಳಿಹಾಕದಿರಿ. ಹಾಗೆಂದು ಒಬ್ಬರ ತಪ್ಪನ್ನು ಇಡೀ ಸಮುದಾಯದ ತಲೆಗೆ ಕಟ್ಟಲೂಬೇಡಿ. ನಮ್ಮವನೊಬ್ಬನ ತಪ್ಪಿಗೆ ನಮ್ಮೆಲ್ಲರನ್ನೂ ದೂರಿದಾಗ ನಮಗೆಷ್ಟು ನೋವಾಗುತ್ತದೆಂದು ನಮಗೆ ಗೊತ್ತಿದೆ.

ಈ ಕಾಯಿಲೆಯ ಕುರಿತು ಎರಡೂ ಧರ್ಮಗಳ ಎಚ್ಚರಿಕೆ ಒಂದೇ ತೆರನಾಗಿದೆ ಎಂಬುದನ್ನು ಮಕ್ಕಳಿಗೆ ತಿಳಿಸಿರಿ. ಜನರಿಗೆ ತೋರಿಸಲಿಕ್ಕಾಗಿ ನಮಾಝ್ ಮಾಡುತ್ತಾ ಸಣ್ಣಪುಟ್ಟ ಉಪಕಾರವನ್ನೂ ತಡೆಯುವವರನ್ನು ಕುರ್‌ಆನಿನ ಅಲ್‌ಮಾಊನ್ ಅಧ್ಯಾಯ ಖಂಡಿಸುತ್ತದೆ. ಬೀದಿಯ ಮೂಲೆಗಳಲ್ಲಿ ಜನ ನೋಡಲೆಂದು ಪ್ರಾರ್ಥಿಸುವ ಕಪಟಿಗಳಂತೆ ಆಗಬಾರದೆಂದು ಯೇಸು ಬೋಧಿಸಿದರೆಂದು ಕ್ರೈಸ್ತರ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಹೇಳುತ್ತದೆ.

ಅಬಿಸೀನಿಯಾದ ಪಾಠ

ಕ್ರೈಸ್ತರ ನಡುವೆ ಮುಸ್ಲಿಮನಾಗಿ ಬದುಕುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಸುಮಾರು ಕ್ರಿ.ಶ. 615ರಲ್ಲಿ, ಮಕ್ಕಾದ ಹಿಂಸೆ ತಾಳಲಾರದ ಮುಸ್ಲಿಮರ ಒಂದು ತಂಡ ಪ್ರವಾದಿ(ಸ)ಯವರ ಸಲಹೆಯಂತೆ ಆಶ್ರಯ ಅರಸಿ ಹೋದದ್ದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿಯ ನಾಡಿಗೆ. ಆ ದಿನಗಳ ವಿವರವನ್ನು ನಮಗೆ ತಲುಪಿಸಿದವರು ಒಬ್ಬ ಮಹಿಳೆ, ವಲಸೆ ಹೋದವರಲ್ಲೊಬ್ಬರಾದ ಹಝ್ರತ್ ಉಮ್ಮು ಸಲಮಾ(ರ).

ಅವರನ್ನು ಮರಳಿ ತರಲು ಕುರೈಶರ ಪ್ರತಿನಿಧಿಗಳು ಬಂದಾಗ ಜಅ್‌ಫರ್ ಬಿನ್ ಅಬೀತಾಲಿಬ್(ರ) ದೊರೆಯ ಮುಂದೆ ಮರ್ಯಮ್ ಅಧ್ಯಾಯದ ಆರಂಭದ ಭಾಗವನ್ನು ಓದಿದರು. ದೊರೆಯ ಕಣ್ಣು ತುಂಬಿತು. ಆದರೆ ನಿಜವಾದ ಪರೀಕ್ಷೆ ಮರುದಿನ ಎದುರಾಯಿತು. ಇವರು ಈಸಾ(ಅ)ರ ಬಗ್ಗೆ ಘೋರವಾದ ಮಾತು ಹೇಳುತ್ತಾರೆಂದು ಕುರೈಶರು ಚಾಡಿ ಹೇಳಿದರು. ಮುಸ್ಲಿಮರ ಎದುರಿಗೆ ಎರಡು ಸುಲಭ ದಾರಿಗಳಿದ್ದವು: ದೊರೆಗೆ ಇಷ್ಟವಾಗುವುದನ್ನು ಹೇಳಿ ಪಾರಾಗುವುದು, ಅಥವಾ ಉತ್ತರಿಸದೆ ನುಣುಚಿಕೊಳ್ಳುವುದು. ಅವರು ಎರಡನ್ನೂ ಮಾಡಲಿಲ್ಲ. ಏನೇ ಆಗಲಿ ಅಲ್ಲಾಹನೂ ಪ್ರವಾದಿಯವರೂ ಕಲಿಸಿದ್ದನ್ನೇ ಹೇಳುವುದೆಂದು ನಿರ್ಧರಿಸಿದರು. ಈಸಾ(ಅ) ಅಲ್ಲಾಹನ ದಾಸರೂ ಸಂದೇಶವಾಹಕರೂ ಆಗಿದ್ದಾರೆಂದು ಜಅ್‌ಫರ್(ರ) ಗೌರವದಿಂದ, ಸ್ಪಷ್ಟವಾಗಿ ಹೇಳಿದರು. ದೊರೆ ಅವರಿಗೆ ರಕ್ಷಣೆ ಮುಂದುವರಿಸಿದ.

ನಿಮ್ಮ ಮಗಳಿಗೆ ಬೇಕಾದದ್ದು ಇದೇ ಧೈರ್ಯ. ಗೆಳತಿಯನ್ನು ಮೆಚ್ಚಿಸಲು ನಂಬದ್ದನ್ನು ಹೇಳಬಾರದು. ನಂಬಿದ್ದನ್ನು ಹೇಳುವಾಗ ಗೆಳತಿಯ ಮನಸ್ಸನ್ನು ಗಾಯಗೊಳಿಸಲೂಬಾರದು. ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಅಲ್‌ಅನ್‌ಆಮ್ ಅಧ್ಯಾಯ ಆಜ್ಞಾಪಿಸಿದರೆ, ನಮ್ಮೊಡನೆ ಧರ್ಮದ ವಿಷಯದಲ್ಲಿ ಯುದ್ಧ ಮಾಡದವರೊಂದಿಗೆ ಒಳ್ಳೆಯ ರೀತಿಯಲ್ಲಿ, ನ್ಯಾಯದಿಂದ ವರ್ತಿಸಲು ಅಲ್‌ಮುಮ್ತಹಿನಃ ಅಧ್ಯಾಯ ಅನುಮತಿ ನೀಡುತ್ತದೆ.

ಕಾನೂನು ಏನು ಹೇಳುತ್ತದೆ?

ತಾಯಂದಿರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನಮ್ಮ ಸಂವಿಧಾನದ 30ನೇ ವಿಧಿ ನೀಡಿದೆ. ಕ್ರೈಸ್ತರಿಗೆ ಆ ಹಕ್ಕು ಇರುವಂತೆ ನಮಗೂ ಇದೆ. ಅದೇ ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿಯಂತೆ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಹಾಜರಾಗುವಂತೆ ಮಾಡುವಂತಿಲ್ಲ. ಆದ್ದರಿಂದ ದಾಖಲಾತಿ ಅರ್ಜಿಗೆ ಓದದೆ ಸಹಿ ಹಾಕಬೇಡಿ. ಒಪ್ಪಿಗೆ ಕೊಟ್ಟವರು ನೀವೇ ಆಗಿದ್ದು, ಮಗುವಿನ ಕೈಯಿಂದ ಪ್ರತಿಭಟನೆ ಮಾಡಿಸುವುದು ನ್ಯಾಯವಲ್ಲ.

ಮರ್ಯಾದೆಯಿಂದ ನಿರಾಕರಿಸುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಕೇರಳದ್ದು. 1985ರಲ್ಲಿ ಅಲ್ಲಿನ ಒಂದು ಶಾಲೆಯಿಂದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಯ ವೇಳೆ ಅವರು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ವಿಶ್ವಾಸದ ಕಾರಣದಿಂದ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಗೌರವದಿಂದ ನಿಂತದ್ದು ಅಗೌರವವಾಗದು ಎಂಬುದು ತೀರ್ಪಿನ ತಿರುಳಾಗಿತ್ತು.

ಶಿರವಸ್ತ್ರದ ವಿಷಯದಲ್ಲಿ ದಾರಿ ಇಷ್ಟು ಸುಗಮವಾಗಿರಲಿಲ್ಲ. 2018ರಲ್ಲಿ ಕೇರಳ ಹೈಕೋರ್ಟು ಖಾಸಗಿ ಶಾಲೆಯೊಂದರ ಸಮವಸ್ತ್ರ ನಿಯಮವನ್ನು ಎತ್ತಿಹಿಡಿಯಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ವಿದ್ಯಾರ್ಥಿನಿಯರ ಅರ್ಜಿಗಳನ್ನು ವಜಾಗೊಳಿಸಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅಂದಿನ ಗಲಾಟೆಯಲ್ಲಿ ಅತಿಹೆಚ್ಚು ನೊಂದವರು ಪರೀಕ್ಷೆಗೆ ಸಿದ್ಧರಾಗಿದ್ದ ಹೆಣ್ಣು ಮಕ್ಕಳು. ಆದುದರಿಂದ ಶಾಲೆಯ ನಿಯಮವೇನೆಂದು ದಾಖಲಾತಿಗೆ ಮೊದಲೇ ಕೇಳಿ ತಿಳಿದುಕೊಂಡು, ದೊಡ್ಡವರಾದ ನೀವೇ ತೀರ್ಮಾನ ಕೈಗೊಳ್ಳಿರಿ. ಗೇಟಿನ ಬಳಿಯ ತೀರ್ಮಾನವನ್ನು ಮಗುವಿನ ಹೆಗಲಿಗೆ ಹಾಕದಿರಿ.

ತಾಯಂದಿರು ಏನು ಮಾಡಬಹುದು?

1. ಶಾಲೆಯಿಂದ ಬಂದ ಮಗುವಿನಲ್ಲಿ ಅಂಕದ ಬಗ್ಗೆ ಕೇಳುವ ಮೊದಲು, 'ಇಂದು ನಿನಗೆ ಉತ್ತರಿಸಲು ಕಷ್ಟವಾದ ಪ್ರಶ್ನೆ ಯಾವುದಾದರೂ ಬಂತೇ?' ಎಂದು ಕೇಳಿರಿ. ಉತ್ತರ ಗೊತ್ತಿಲ್ಲದಿದ್ದರೆ, ತಿಳಿದವರಲ್ಲಿ ಕೇಳಿ ಹೇಳುತ್ತೇನೆ ಎನ್ನಿರಿ. 'ಹೀಗೆಲ್ಲ ಕೇಳಬಾರದು' ಎಂದು ಬಾಯಿ ಮುಚ್ಚಿಸಬೇಡಿ.

2. ನಿಜ ಹೇಳಿದ ಮಗುವಿಗೆ ಹೊಡೆಯಬೇಡಿ. ನಿಜಕ್ಕೆ ಹೊಡೆತ, ಸುಳ್ಳಿಗೆ ಶಹಭಾಷ್ ಸಿಗುವ ಮನೆಯಲ್ಲಿ ಮಕ್ಕಳು ಏನನ್ನು ಆರಿಸಿಕೊಳ್ಳುತ್ತಾರೆಂದು ಹೇಳಬೇಕಾಗಿಲ್ಲ.

3. ಬೆಳಗಿನ ಪ್ರಾರ್ಥನೆ, ನಾಟಕ, ಹಬ್ಬದ ಕಾರ್ಯಕ್ರಮಗಳಲ್ಲಿ ಎಲ್ಲಿಯವರೆಗೆ ಭಾಗವಹಿಸಬಹುದೆಂದು ಮೊದಲೇ ಹೇಳಿಕೊಡಿ. ಕೈಕಟ್ಟಿ ಮೌನವಾಗಿ ನಿಲ್ಲುವುದು, ಪಾತ್ರದ ಬದಲು ಪರದೆ ಎಳೆಯುವ ಅಥವಾ ವೇದಿಕೆ ಅಲಂಕರಿಸುವ ಕೆಲಸ ಕೇಳಿ ಪಡೆಯುವುದು ಮುಂತಾದ ದಾರಿಗಳಿವೆ. ಸಂಶಯವಿದ್ದರೆ ನಿಮ್ಮ ಊರಿನ ಉಲಮಾರಲ್ಲಿ ವಿಚಾರಿಸಿರಿ.

4. ಅಧ್ಯಾಪಕರೊಂದಿಗೆ ಮಾತನಾಡಬೇಕಾದಾಗ ನೀವೇ ಹೋಗಿ ಮಾತನಾಡಿರಿ. ನಗುತ್ತಾ ಕೇಳಿದರೆ ಹೆಚ್ಚಿನ ಕಡೆ ಬಾಗಿಲು ತೆರೆಯುತ್ತದೆ. ರಮಝಾನ್‌ನಲ್ಲಿ ಆಟೋಟದ ಅವಧಿಗೆ ವಿನಾಯಿತಿ, ನಮಾಝಿಗೆ ಹತ್ತು ನಿಮಿಷ ಇವು ಕೇಳಲಾಗದ ಸಂಗತಿಗಳಲ್ಲ. ಸಿಕ್ಕಿದ ಮೇಲೆ ಕೃತಜ್ಞತೆ ಹೇಳಲು ಮರೆಯದಿರಿ.

5. ಮಗುವಿನ ಗೆಳತಿಯನ್ನು ಮನೆಗೆ ಕರೆಯಿರಿ. ಈದ್‌ಗೆ ಕರೆಯಿರಿ, ಇಫ್ತಾರ್‌ಗೂ ಕರೆಯಿರಿ. ಒಳ್ಳೆಯ ಗೆಳೆಯನನ್ನು ಕಸ್ತೂರಿ ಮಾರುವವನಿಗೂ ಕೆಟ್ಟವನನ್ನು ತಿದಿಯೂದುವವನಿಗೂ ಪ್ರವಾದಿ(ಸ)ಯವರು ಹೋಲಿಸಿದ್ದಾರೆ. ಹೆಸರು ಕೇಳಿ ಕಸ್ತೂರಿಯೋ ಹೊಗೆಯೋ ಎಂದು ತೀರ್ಮಾನಿಸಬೇಡಿ. ಸುಳ್ಳು ಹೇಳಲು ಹೇಳಿಕೊಡುವವಳು ನಮ್ಮದೇ ಬೀದಿಯವಳಾಗಿರಬಹುದು, ನಿಜ ಹೇಳೆನ್ನುವವಳು ಇಗರ್ಜಿಗೆ ಹೋಗುವವಳಾಗಿರಬಹುದು.

6. ಮುಂದಿನ ರಜಾ ಅರ್ಜಿಯಲ್ಲಿ 'ಮನೆಯಲ್ಲಿ ಮದುವೆ ಇದೆ' ಎಂದೇ ಬರೆಯಿರಿ. ಮಗುವಿನ ಕೈಯಿಂದಲೇ ಅದನ್ನು ಕಳುಹಿಸಿರಿ.

ನಮ್ಮ ಮಕ್ಕಳು ನಾಳೆ ಕಾಲೇಜು, ಆಸ್ಪತ್ರೆ, ಕಚೇರಿ, ಕೊಲ್ಲಿ ರಾಷ್ಟ್ರ ಎಂದು ಎಲ್ಲೆಲ್ಲೋ ಹೋಗಲಿದ್ದಾರೆ. ಎಲ್ಲ ಕಡೆಯೂ ಅವರ ಹಿಂದೆ ನಾವು ಹೋಗಲಾಗದು. ನಾವು ನೋಡದಲ್ಲಿಯೂ ನೋಡುವವನೊಬ್ಬನಿದ್ದಾನೆ ಎಂಬ ಪ್ರಜ್ಞೆ ಮಾತ್ರ ಅವರೊಂದಿಗೆ ಹೋಗಬಲ್ಲದು. ಆ ಪ್ರಜ್ಞೆಯುಳ್ಳ ಮಗು ಮದ್ರಸದಲ್ಲೂ ಕಾನ್ವೆಂಟಿನಲ್ಲೂ ಒಂದೇ ಮಗುವಾಗಿರುತ್ತದೆ. ಅಂತಹ ಮಗುವಿನ ಗೆಳೆತನ ಯಾವ ಧರ್ಮದವರಿಗಾದರೂ ಬೇಕೆನಿಸುತ್ತದೆ. ಅಲ್ಲಾಹನು ನಮ್ಮ ಮಕ್ಕಳಿಗೂ, ಅವರಿಗಿಂತ ಮೊದಲು ನಮಗೂ, ಒಳಗೂ ಹೊರಗೂ ಒಂದೇ ಆಗಿರುವ ಭಾಗ್ಯವನ್ನು ಕರುಣಿಸಲಿ. ಆಮೀನ್.